ಮನೆಗೆ ಬಂದು ಹೇಳದ ಜೈಲು

ಸಹಕಾರಿ ಸಂಘದ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕುಳಿತು ನಿವೃತ್ತಳಾದ ಮೇಲೆ ನನಗೆ ಸಿಕ್ಕಿದ ಹೊಸ ಉದ್ಯೋಗ ಜನರಿಗೆ ಬುದ್ಧಿ ಹೇಳುವುದು. ಸಂಬಳ ಇಲ್ಲ, ಶಾಲು ಹೊದಿಸುತ್ತಾರೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಮಹಿಳಾ ಗುಂಪಿನ ವಾರ್ಷಿಕೋತ್ಸವ ಇರಲಿ, ಯಾವ ಭಜನಾ ಮಂದಿರದ ಸಭೆ ಇರಲಿ, ಮೊಬೈಲ್ ಮೋಸದ ಬಗ್ಗೆ ಎರಡು ಮಾತಾಡಲು ನನ್ನನ್ನು ಕರೆಯುತ್ತಾರೆ. ನಾನು ಎರಡು ಮಾತಿಗೆ ನಿಲ್ಲಿಸುವವಳಲ್ಲ. ಕೋಟದ ನಮ್ಮ ಮನೆಯ ಕಪಾಟಿನಲ್ಲಿ ಈಗ ಸೀರೆಗಿಂತ ಶಾಲು ಹೆಚ್ಚು.

ನನ್ನ ಭಾಷಣ ಜನರಿಗೆ ಇಷ್ಟವಾಗುತ್ತಿದ್ದುದು ತಿಳಿವಳಿಕೆಗಾಗಿ ಅಲ್ಲ, ಗೇಲಿಗಾಗಿ. ಮೋಸ ಹೋದವರನ್ನು ನಾನು ಚೆನ್ನಾಗಿ ಅಣಕಿಸುತ್ತಿದ್ದೆ. ಬಹುಮಾನ ಬಂದಿದೆ ಎಂದು ನಂಬಿ ಲಿಂಕ್ ಒತ್ತಿದ ಮೇಷ್ಟ್ರು, ಪುಕ್ಕಟೆ ರೀಚಾರ್ಜಿಗಾಗಿ ಹತ್ತು ಗುಂಪಿಗೆ ಸುಳ್ಳು ಹಂಚಿದ ಡಾಕ್ಟರು, ಓಟಿಪಿಯನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿ, ಕೊನೆಗೆ ‘ಥ್ಯಾಂಕ್ಯೂ’ ಎಂದೂ ಹೇಳಿದ ನಮ್ಮದೇ ಸಂಘದ ನಿವೃತ್ತ ಮ್ಯಾನೇಜರು. ಪುಕ್ಸಟ್ಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನ ಇವರು ಎಂದು ನಾನು ಹೇಳಿದರೆ ಸಭೆ ಉರುಳಾಡಿ ನಗುತ್ತಿತ್ತು. ಹಾಗೆ ನಗುವವರಲ್ಲಿ ಅರ್ಧ ಜನ ಅದೇ ವಾರ ಅದೇ ರೀಚಾರ್ಜಿನ ಸಂದೇಶವನ್ನು ನನಗೇ ಕಳಿಸಿದವರು.

ಹಾಗೆಂದು ನಮ್ಮ ಕಡೆಯವರು ಪೂರಾ ಪೆದ್ದರೇನಲ್ಲ. ಕೆಲವು ಮೋಸಗಳು ನಮ್ಮಲ್ಲಿ ನಡೆಯುವುದೇ ಇಲ್ಲ. ಬಿಲ್ ಕಟ್ಟದಿದ್ದರೆ ಇವತ್ತೇ ನಿಮ್ಮ ಮನೆಯ ಕರೆಂಟ್ ಕಡಿಯುತ್ತೇವೆ ಎಂಬ ಸಂದೇಶ ಬಂದಾಗ ಕೋಟದಲ್ಲಿ ಒಬ್ಬರೂ ಹೆದರಲಿಲ್ಲ. ಬಿಲ್ ಕಟ್ಟಿದವರ ಮನೆಯಲ್ಲೂ ಕರೆಂಟ್ ಇರದ ಊರು ನಮ್ಮದು. ಮರವಂತೆಯಲ್ಲಿ ಕಡಲು ಹೈವೇ ದಾಟಿ ಹೊಳೆಗೆ ಸೇರಿತು ಎಂದು ಒಂದು ಮಳೆಗಾಲದಲ್ಲಿ ಎಲ್ಲಿಯದೋ ದೇಶದ ಅಲೆಯ ವಿಡಿಯೋ ಹರಿದಾಡಿತು. ನನ್ನ ಅಕ್ಕ ಅದನ್ನು ಮನೆಮಂದಿಯ ಗುಂಪಿಗೆ ಹಾಕಿದಳು. ಮರವಂತೆಯ ನನ್ನ ಚಿಕ್ಕಪ್ಪ ಅದೇ ಕಡಲ ದಂಡೆಯಲ್ಲಿ ಚರ್ಮುರಿ ತಿನ್ನುತ್ತಾ ಕುಳಿತಿದ್ದವರು, ಅಲ್ಲಿಂದಲೇ ಉತ್ತರ ಬರೆದರು: “ನಾ ಇಲ್ಲೇ ಕೂಕಂಡಿದ್ದೆ. ಕಡ್ಲ್ ದಾಟಿದ್ದ್ ಕಾಂತಿಲ್ಲ.” ಅಕ್ಕ ಸೋಲಲಿಲ್ಲ. “ಎಂತಕ್ಕೂ ಜಾಗ್ರತೆ” ಎಂದು ಬರೆದಳು.

ಚಿಕ್ಕಪ್ಪ ಎಂದರೆ ಅಪ್ಪನ ತಮ್ಮ. ಮೀಸೆ ಬರುವ ಮೊದಲೇ ಬೊಂಬಾಯಿಗೆ ಹೋಗಿ, ಲೋಟ ತೊಳೆದು, ಆಮೇಲೆ ಒಂದು ಕ್ಯಾಂಟೀನನ್ನೇ ನಡೆಸಿ, ಅದನ್ನು ಬಿಟ್ಟುಕೊಟ್ಟು ಊರಿಗೆ ಬಂದವರು. ಬಿಟ್ಟುಕೊಟ್ಟದ್ದಕ್ಕೆ ಬಂದ ದುಡ್ಡು ಠೇವಣಿಯಲ್ಲಿತ್ತು. ಅದರ ಬಡ್ಡಿಯಲ್ಲೇ ಅವರು ಮತ್ತು ಚಿಕ್ಕಮ್ಮ ಇಬ್ಬರ ಅನ್ನ, ಮದ್ದು, ಮೊಬೈಲಿನ ಕರೆನ್ಸಿ. ಬೇರೆ ಒಂದು ಕಾಸಿನ ದಾರಿ ಇರಲಿಲ್ಲ. ಚಿಕ್ಕಪ್ಪನ ಇನ್ನೊಂದು ಆಸ್ತಿ ಹಿಂದಿ. ಹೈವೇಯಲ್ಲಿ ಗುಜರಾತಿನ ಲಾರಿ ಕೆಟ್ಟು ನಿಂತರೂ, ಕಡಲು ನೋಡಲು ಬಂದ ಉತ್ತರದವರಿಗೆ ಎಳನೀರಿನ ರೇಟು ಹೇಳಬೇಕಾದರೂ, ಊರಿನವರು ಅವರನ್ನು ಕರೆಯುತ್ತಿದ್ದರು. ಅವರು ಎತ್ತಿ ಕಟ್ಟಿದ ಪಂಚೆಯನ್ನು ಕೆಳಗಿಳಿಸಿ, ಗಂಟಲು ಸರಿಮಾಡಿಕೊಂಡು, ಮಂತ್ರಿಗಳ ಹಾಗೆ ಹೋಗುತ್ತಿದ್ದರು.

ಚಿಕ್ಕಮ್ಮನಿಗೆ ಹಿಂದಿಯ ಒಂದಕ್ಷರ ಬಾರದು. ಬೊಂಬಾಯಿಗೆ ಒಮ್ಮೆ ಹೋಗಿ, ಉಸಿರು ಕಟ್ಟಿತೆಂದು ಹದಿನೈದೇ ದಿನಕ್ಕೆ ವಾಪಸು ಬಂದವಳು. ಹೊಸ ನಂಬರಿನಿಂದ ಫೋನ್ ಬಂದರೆ ಅವಳದು ಒಂದೇ ಪಾಠ: “ಯಾರ್? ಯಾವೂರ್? ಯಾರ್ ಮನಿಯರ್?” ಆ ಕಡೆಯವರು ಹಿಂದಿಯಲ್ಲಿ ಬ್ಯಾಂಕು, ಕೆವೈಸಿ ಎಂದು ಏನೋ ಹೇಳುತ್ತಾರೆ. ಇವಳು ಮತ್ತೆ “ಅದಲ್ಲ ಮರ್ರೆ, ಯಾರ್ ಮನಿಯರ್?” ಎನ್ನುತ್ತಾಳೆ. ಮೂರನೆಯ ಸಲಕ್ಕೆ ಅವರೇ ಇಡುತ್ತಾರೆ. ಮನೆ ಗೊತ್ತಾಗದವರ ಹತ್ತಿರ ಇವಳಿಗೆ ಮಾತೇ ಇಲ್ಲ. ಯಾವ ಬ್ಯಾಂಕಿನ ಕಂಪ್ಯೂಟರಿಗೂ ಇಷ್ಟು ಗಟ್ಟಿಯಾದ ಪಾಸ್‌ವರ್ಡ್ ನಾನು ಕಂಡಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು ಹೇಳಬೇಕು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು ಕೂತು, ನೀರು ಬೆಲ್ಲವೋ ಚಹವೋ ಆಗಿ, ಕಾಗದ ಕೈಗೆ ಕೊಟ್ಟು, ಎಲ್ಲರೂ ಬರಬೇಕು ಎಂದು ಬಾಯಲ್ಲಿ ಹೇಳಬೇಕು. ಮನೆಯ ಹಿರಿಯರಿಗೆ ಹೇಳದೆ ಕಿರಿಯರಿಗೆ ಹೇಳಿ ಹೋದರೂ ಅದು ಹೇಳಿದ ಲೆಕ್ಕ ಅಲ್ಲ. ಮದುವೆ ಕಾಗದದ ವೇಷದಲ್ಲಿ ಮೊಬೈಲಿಗೆ ಒಂದು ಫೈಲ್ ಬಂದು, ಅದನ್ನು ತೆರೆದವರ ಖಾತೆ ಖಾಲಿಯಾಗುವ ಮೋಸ ಶುರುವಾದಾಗ ನಮ್ಮ ಹಿರಿಯರಲ್ಲಿ ಬಹಳ ಜನ ಉಳಿದುಕೊಂಡದ್ದು ಈ ಬಿಗುಮಾನದಿಂದ. ಚಿಕ್ಕಪ್ಪನಿಗೂ ಅದು ಬಂದಿತ್ತು. ಅವರು ತೆರೆಯಲಿಲ್ಲ. “ಮನಿಗ್ ಬಂದ್ ಹೇಳುಕ್ ಕಾಲಿಲ್ದಿದ್ದರ್ ಮದಿ ನಂಗ್ ಬೇಡ” ಎಂದು, ಯಾರ ಮದುವೆ ಎಂದೂ ನೋಡದೆ ಅಳಿಸಿಹಾಕಿದರು. ಇದನ್ನು ನಾನು ಎಷ್ಟು ಭಾಷಣದಲ್ಲಿ ಹೇಳಿದ್ದೇನೋ ಲೆಕ್ಕ ಇಲ್ಲ.

ಅಂಥ ಚಿಕ್ಕಪ್ಪ ಒಂದು ಗುರುವಾರ ಬೆಳಿಗ್ಗೆ ಆ ಠೇವಣಿಯನ್ನೆಲ್ಲ ಒಬ್ಬ ಕಳ್ಳನಿಗೆ ಕಳಿಸಲು ಪ್ಯಾಂಟು ಹಾಕಿಕೊಂಡು ಕುಳಿತಿದ್ದರು.

ಆ ವಾರದ ಸೋಮವಾರ ಮರವಂತೆಯ ಭಜನಾ ಮಂದಿರದ ಸಭೆಯಲ್ಲಿ ನನ್ನ ಭಾಷಣವಿತ್ತು. ಚಿಕ್ಕಪ್ಪ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ವಿಡಿಯೋ ಕಾಲಿನಲ್ಲಿ ಖಾಕಿ ಹಾಕಿಕೊಂಡು ಬಂದು, ನಿಮ್ಮ ಮೇಲೆ ಕೇಸಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ, ಕ್ಯಾಮೆರಾ ಬಿಟ್ಟು ಏಳಬೇಡಿ, ಇರುವ ದುಡ್ಡನ್ನು ಪರಿಶೀಲನೆಗೆ ಕಳಿಸಿ ಎನ್ನುವವರ ಬಗ್ಗೆ ಅವತ್ತು ವಿಸ್ತಾರವಾಗಿಯೇ ಹೇಳಿದೆ. ಅಂಥ ಅರೆಸ್ಟು ಕಾನೂನಿನಲ್ಲೇ ಇಲ್ಲ, ಯಾವ ಪೊಲೀಸರೂ ಫೋನಿನಲ್ಲಿ ಬಂಧಿಸುವುದಿಲ್ಲ, ಅವರು ಯಾರಿಗೆ ಹೇಳಬೇಡ ಎನ್ನುತ್ತಾರೋ ಅವರಿಗೇ ಮೊದಲು ಹೇಳಿ ಎಂದೂ ಹೇಳಿದೆ. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಚಿಕ್ಕಪ್ಪ ಎದ್ದು ನಿಂತರು.

“ಅಲ್ಲ ಮಗಾ, ಒಂದ್ ವೇಳೆ ಅವ್ರ್ ನಿಜ ಪೊಲೀಸ್ರೇ ಆಗಿದ್ರೆ? ಬೊಂಬಾಯಿಯರೇ ಆಗಿದ್ರೆ? ಹಳೇ ಕೇಸ್ ಎಂತಾರೂ ಇದ್ರೆ ಕರೀತ್ರ್ ಅಲ್ದಾ?”

ಮೈಕ್ ನನ್ನ ಕೈಯಲ್ಲಿತ್ತು. ಎದುರಿಗೆ ನೂರು ಜನ ಇದ್ದರು. “ಚಿಕ್ಕಪ್ಪ, ನೀವ್ ಬೊಂಬಾಯಿಯಂಗ್ ಎಂತ ಕದ್ದದ್ದ್? ಇಡ್ಲಿಯಾ?” ಎಂದೆ. “ಇಡ್ಲಿ ಕದ್ದದ್ದಕ್ಕೆಲ್ಲ ವಿಡಿಯೋ ಕಾಲ್ ಬತ್ತಿಲ್ಲ. ಹೆದ್ರ್ಬೇಡಿ, ಕೂಕಣಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಚಿಕ್ಕಪ್ಪನೂ ನಕ್ಕರು, ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು ಕುಳಿತರು. ಮರುದಿನ ಬಾರ್ಕೂರಿನಲ್ಲಿ ಇನ್ನೊಂದು ಸಭೆ ಇತ್ತು. ಅಲ್ಲಿಯೂ ‘ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ’ ಎಂದು ಶುರುಮಾಡಿ ಇಡ್ಲಿಯ ಕತೆ ಹೇಳಿದೆ. ಬಾರ್ಕೂರಿನವರು ಮರವಂತೆಯವರಿಗಿಂತ ಹೆಚ್ಚು ನಕ್ಕರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮ್ಮನ ಫೋನ್ ಬಂತು. ಅವಳು ಫೋನಿನಲ್ಲಿ ಯಾವಾಗಲೂ ಗಟ್ಟಿಯಾಗಿ ಮಾತಾಡುವವಳು, ಅವತ್ತು ಪಿಸುಗುಟ್ಟುತ್ತಿದ್ದಳು. “ನಿನ್ನ್ ಚಿಕ್ಕಪ್ಪಂಗ್ ಎಂತದೋ ಆಯ್ತ್ ಮಗಾ. ನಿನ್ನೆ ಮಧ್ಯಾಹ್ನದಿಂದ ಬಾಗ್ಲ್ ಹಾಯ್ಕಂಡ್ ಕೋಣಿ ಒಳ್ಗ್ ಕೂಕಂಡಿದ್ರ್. ಹಿಂದಿ ಮಾತಾಡ್ತ್ರ್. ಉಂಬುಕೂ ಬರ್ಲಿಲ್ಲ. ಕಿಟಕಿಯಂಗ್ ಇಣುಕಿರೆ ಹೋಗ್ ಹೋಗ್ ಅಂದೇಳಿ ಕೈ ಮಾಡ್ತ್ರ್. ನೀ ಒಂಚೂರ್ ಬತ್ಯಾ?”

ಎಲ್ಲರಿಗೂ ಪಾಠ ಹೇಳುವ ನನಗೆ ಆಗಲೂ ಹೊಳೆಯಲಿಲ್ಲ. ಹಳೆಯ ಪಾಲುದಾರನ ಹತ್ತಿರ ಜಗಳವೋ, ಸಕ್ಕರೆ ಕಾಯಿಲೆ ತಲೆಗೆ ಏರಿತೋ ಎಂದು ಯೋಚಿಸುತ್ತಾ ಕೋಟದಲ್ಲಿ ಬಸ್ಸು ಹತ್ತಿದೆ. ಕುಂದಾಪುರದಲ್ಲಿ ಬಸ್ಸು ಜನ ತುಂಬುವವರೆಗೆ ನಿಂತಿತು. ತ್ರಾಸಿ ದಾಟುವಾಗ ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಗುರುತು ಹಿಡಿದು, “ನೀವ್ ಮೊಬೈಲ್ ಮೋಸದವ್ರಲ್ದಾ?” ಎಂದಳು. ಹೌದು ಎಂದೆ. ಹಾಗೆ ಹೇಳುವಾಗಲೇ ನನಗೆ ಹೊಳೆಯಿತು. ಬಾಗಿಲು ಹಾಕಿದ ಕೋಣೆ, ಹಿಂದಿ, ಯಾರನ್ನೂ ಹತ್ತಿರ ಬಿಡದ ಕೈ. ನಾನೇ ಸೋಮವಾರ ಒಂದೊಂದಾಗಿ ಹೇಳಿದ ಲಕ್ಷಣಗಳು.

ಮರವಂತೆಯಲ್ಲಿ ಇಳಿದವಳೇ ಮನೆಗೆ ಓಡಿ, ಆ ಕೋಣೆಯ ಕಿಟಕಿಯಲ್ಲಿ ಇಣುಕಿದೆ. ಯಾವತ್ತೂ ಪಂಚೆ, ಬನಿಯನ್ನಿನಲ್ಲಿರುವ ಚಿಕ್ಕಪ್ಪ ಪ್ಯಾಂಟು ಹಾಕಿಕೊಂಡು, ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಎದುರಿನ ಸ್ಟೂಲಿನ ಮೇಲೆ ತಂಬಿಗೆಗೆ ಒರಗಿಸಿದ ಮೊಬೈಲು. ಅದರೊಳಗೆ ಖಾಕಿ ತೊಟ್ಟವನೊಬ್ಬ, ಹಿಂದೆ ಬಾವುಟ. ಅವನು ಒಂದು ಗದರಿದರೆ ಇವರು ಎರಡು ಸಲ “ಹಾಂ ಸಾಬ್, ಜೀ ಸಾಬ್” ಎನ್ನುತ್ತಿದ್ದರು. ಅಂಗಿಯ ಜೇಬಿನಿಂದ ಪಾಸ್‌ಬುಕ್ಕಿನ ತುದಿ ಕಾಣುತ್ತಿತ್ತು. ಬ್ಯಾಂಕಿಗೆ ಹೊರಡಲು ಸಾಹೇಬರ ಅಪ್ಪಣೆಗಾಗಿ ಕಾಯುತ್ತಿದ್ದರು.

ನಾನು ಕಿಟಕಿಯ ಸರಳು ಹಿಡಿದುಕೊಂಡು ಭಾಷಣ ಶುರುಮಾಡಿದೆ. ಅಂಥ ಅರೆಸ್ಟೇ ಇಲ್ಲ ಚಿಕ್ಕಪ್ಪ, ಕಾನೂನಿನಲ್ಲೇ ಇಲ್ಲ, ಅವ ಕಳ್ಳ, ಫೋನ್ ಕಟ್ ಮಾಡಿ ಎಂದು ಸೋಮವಾರ ಹೇಳಿದ್ದನ್ನೆಲ್ಲ ಇನ್ನೂ ಗಟ್ಟಿಯಾಗಿ ಹೇಳಿದೆ. ಮೈಕ್ ಒಂದು ಇರಲಿಲ್ಲ. ಚಿಕ್ಕಪ್ಪ ನನ್ನ ಕಡೆ ತಿರುಗಲೂ ಇಲ್ಲ. ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಕಣ್ಣು ಮೊಬೈಲಿನಿಂದ ಕದಲಿಸದೆ, ಇನ್ನೊಂದು ಕೈಯಲ್ಲಿ ನನ್ನನ್ನು ಆಚೆ ಅಟ್ಟಿದರು. ಖಾಕಿಯವನಿಗೆ ನನ್ನ ದನಿ ಕೇಳಿರಬೇಕು, ಇನ್ನೂ ಜೋರಾಗಿ ಗದರಿದ. ಇಷ್ಟು ವರ್ಷ ಶಾಲು ಹೊದ್ದದ್ದಕ್ಕೆ ನನಗೆ ಅವತ್ತು ನಾಚಿಕೆಯಾಯಿತು.

ಚಿಕ್ಕಮ್ಮ ಮಾತ್ರ ನನ್ನ ಭಾಷಣ ಮುಗಿಯಲೆಂದು ಕಾಯಲಿಲ್ಲ. ಆ ಕೋಣೆಗೆ ಅಡುಗೆಮನೆಯ ಕಡೆಯಿಂದ ಒಂದು ಸಣ್ಣ ಬಾಗಿಲಿದೆ, ಅದಕ್ಕೆ ಅಡ್ಡವಾಗಿ ಅಕ್ಕಿ ಡಬ್ಬಿ ಇಟ್ಟಿರುತ್ತಾರೆ. ಅವಳು ಮೊಣಕಾಲಿನಿಂದ ಒತ್ತಿ ಬಾಗಿಲನ್ನೂ ಡಬ್ಬಿಯನ್ನೂ ಒಟ್ಟಿಗೆ ಸರಿಸಿ, ಒಂದು ಕೈಯಲ್ಲಿ ಗಂಜಿಯ ಬಟ್ಟಲು, ಇನ್ನೊಂದರಲ್ಲಿ ಉಪ್ಪಿನಕಾಯಿ ಹಿಡಿದು ಒಳಗೆ ಹೋದಳು. ಬಟ್ಟಲನ್ನು ಸ್ಟೂಲಿನ ಮೇಲೆ, ಮೊಬೈಲಿನ ಎದುರಿಗೇ ಇಟ್ಟಳು. ಸಾಹೇಬರಿಗೆ ಈಗ ಗಂಜಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಕ್ಕಿಲ್ಲ. ಆಮೇಲೆ ಬಗ್ಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೊಬೈಲ್ ಎತ್ತಿ ಅವನ ಮುಖ ನೋಡಿದಳು.

“ಹ್ವಾಯ್, ನೀವ್ ಯಾರ್? ಯಾವೂರ್ ಆಯ್ತ್?”

ಅವನು ಹಿಂದಿಯಲ್ಲಿ ಕೂಗಿದ.

“ಅದಲ್ಲ ಮರ್ರೆ. ಯಾರ್ ಮನಿಯರ್?”

ಅವನು ಇನ್ನೂ ಕೂಗಿದ. ಜೈಲು, ವಾರಂಟು ಎಂಬ ಎರಡು ಮಾತು ನನಗೂ ಅರ್ಥವಾಯಿತು. ಚಿಕ್ಕಮ್ಮ ಅವನು ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದಳು. “ಇವ್ರ್ ನಿನ್ನೆಯಿಂದ ಉಂಡದ್ದಿಲ್ಲ. ಉಂಡ ಮೇಲೆ ಮಾಡಿ” ಎಂದು ಹೇಳಿ, ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಕುಚ್ಚಲಕ್ಕಿಯ ಒಳಗಿನಿಂದ ಹಿಂದಿ ಸಣ್ಣಗೆ ಕೇಳುತ್ತಲೇ ಇತ್ತು.

ಚಿಕ್ಕಪ್ಪ ಕುರ್ಚಿಯಿಂದ ಅರ್ಧ ಎದ್ದರು. “ಎಂತ ಮಾಡ್ದೆ ಮರಾಯ್ತಿ ನೀನ್? ಅದ್ ಪೊಲೀಸ್ ಸ್ಟೇಷನ್. ನನ್ನ್ ಅರೆಸ್ಟ್ ಮಾಡಿದ್ರ್. ಈಗ ಜೈಲಿಗ್ ಹಾಕ್ತ್ರ್.”

“ಪೊಲೀಸ್ರಾರೆ ಮನಿಗ್ ಬಂದ್ ಹೇಳ್ಲಿ” ಎಂದಳು ಚಿಕ್ಕಮ್ಮ. “ಕುರ್ಚಿ ಇತ್ತ್, ಚಾ ಮಾಡಿ ಕೊಡ್ವ. ಮನಿಗ್ ಬಂದ್ ಹೇಳ್ದಿದ್ರೆ ಮದಿಗೇ ಹೋಪವ್ರಲ್ಲ ನೀವ್. ಜೈಲಿಗ್ ಹೋತ್ರಿಯಾ?”

ನಾನು ಕಿಟಕಿಯ ಹೊರಗೆ ನಗಲೂ ಆಗದೆ ಅಳಲೂ ಆಗದೆ ನಿಂತಿದ್ದೆ. ನಾನು ಹೇಳಿದ ಕಾನೂನು ಚಿಕ್ಕಪ್ಪನ ತಲೆಗೆ ಹೋಗಿರಲಿಲ್ಲ, ಈ ಮಾತು ಹೋಯಿತು. ಕುತ್ತಿಗೆಯ ಗುಂಡಿ ಬಿಚ್ಚಿದರು. ಗಂಜಿ ಬಟ್ಟಲಿಗೆ ಕೈ ಹಾಕಿದರು, ಎರಡು ತುತ್ತು ಚೆಲ್ಲಿ ಮೂರನೆಯದು ಬಾಯಿಗೆ ಹೋಯಿತು.

ಉಳಿದದ್ದನ್ನು ನಾನು ಮಾಡಿದೆ. ಫೋನ್ ಕಟ್ ಮಾಡಿದೆ. ಅದು ಮತ್ತೆ ಮತ್ತೆ ಹೊಡೆದುಕೊಂಡಿತು, ನಂಬರನ್ನು ತಡೆಹಿಡಿದೆ. ಸೈಬರ್ ಸಹಾಯವಾಣಿಗೆ ತಿಳಿಸಿದೆ, ಬ್ಯಾಂಕಿಗೆ ಹೇಳಿ ಖಾತೆಗೆ ಬೀಗ ಹಾಕಿಸಿದೆ. ಠೇವಣಿಯ ಒಂದು ರೂಪಾಯಿಯೂ ಹೋಗಿರಲಿಲ್ಲ. ಎರಡು ದಿನ ಬಿಟ್ಟು ನಿಜವಾದ ಪೊಲೀಸರೊಬ್ಬರು ವಿಚಾರಿಸಲು ಮನೆಗೇ ಬಂದರು. ಬೈಂದೂರು ಕಡೆಯವರು, ಸಾಧು ಮನುಷ್ಯ. ಚಿಕ್ಕಮ್ಮ ಅವರ ಮನೆ ಯಾವುದು, ಅಜ್ಜ ಯಾರು ಎಂದೆಲ್ಲ ಕೇಳಿ, ತನ್ನ ತವರಿನ ಕಡೆಯಿಂದ ಒಂದು ನಂಟನ್ನೂ ಹುಡುಕಿ ತೆಗೆದು, ಆಮೇಲೆಯೇ ಚಹಾ ಕೊಟ್ಟಳು. ಅವರು ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಚಿಕ್ಕಪ್ಪ ಎದ್ದು ನಿಂತು “ಜೀ ಸಾಬ್” ಎನ್ನುತ್ತಿದ್ದರು. ಕೂತುಕೊಳ್ಳಿ ಎಂದು ಅವರು ಮೂರು ಸಲ ಹೇಳಬೇಕಾಯಿತು.

ಅವರು ಹೋದ ಮೇಲೆ ನಾನು ಮತ್ತು ಚಿಕ್ಕಪ್ಪ ಜಗಲಿಯಲ್ಲಿ ಕುಳಿತೆವು. ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವರೇ ಮಾತು ತೆಗೆದರು. ಬೊಂಬಾಯಿಯ ಆ ಕ್ಯಾಂಟೀನಿನ ಲೈಸೆನ್ಸು ಮೊದಲಿನ ಯಜಮಾನರ ಹೆಸರಿನಲ್ಲಿತ್ತಂತೆ. ಯಜಮಾನರು ತೀರಿಕೊಂಡ ಮೇಲೂ ಇವರು ಅದನ್ನು ಬದಲಾಯಿಸಲಿಲ್ಲ, ಬದಲಾಯಿಸುವ ದಾರಿ ಗೊತ್ತಿರಲಿಲ್ಲ, ದುಡ್ಡೂ ಇರಲಿಲ್ಲ. ಸತ್ತವರ ಹೆಸರಿನಲ್ಲೇ ಹನ್ನೊಂದು ವರ್ಷ ಇಡ್ಲಿ ಬೇಯಿಸಿದರು. ತಿಂಗಳಿಗೊಮ್ಮೆ ಖಾಕಿಯವನೊಬ್ಬ ಬಂದು, ತಿಂದು, ಕೈ ತೊಳೆದು, ಒಂದು ದಿನ ನಿನ್ನ ಕಾಗದ ನೋಡಬೇಕು ಎಂದು ಹೇಳಿ ಹೋಗುತ್ತಿದ್ದ.

“ಊರಿಗ್ ಬಂದ್ ಇಷ್ಟ್ ವರ್ಷ ಆಯ್ತ್. ಆ ದಿನ ಒಂದ್ ಬಪ್ದೇ ಅಂದೇಳಿ ಇತ್ತ್ ನಂಗೆ” ಎಂದರು. “ಫೋನಂಗೆ ಅವ ಬೊಂಬಾಯಿ, ಕೇಸ್ ಅಂದ. ಎಂತ ಕೇಸ್ ಅಂದೇಳಿ ಅವ ಹೇಳ್ಲೇ ಇಲ್ಲ ಕಾಣ್. ನಾನೇ ಹೇಳ್ದೆ. ಲೈಸೆನ್ಸಿಂದಾ ಸಾಬ್ ಅಂದೆ. ಅವ ಹೌದ್ ಅಂದ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಎಷ್ಟೋ ಸಭೆಯಲ್ಲಿ ಹೇಳಿ ನಗಿಸಿದ್ದೇನೆ. ಆ ಮಾತು ಅವತ್ತೂ ನಾಲಿಗೆಯ ತುದಿಗೆ ಬಂತು. ಸದ್ಯ, ಅಲ್ಲೇ ನಿಂತಿತು. ಊರಿಗೆ ಬಂದ ಹದಿನೈದು ವರ್ಷದಿಂದ ಈ ಮನುಷ್ಯ ನಮ್ಮೆಲ್ಲರ ನಡುವೆ ಕೂತು ಉಣ್ಣುತ್ತಾ, ನಗುತ್ತಾ, ಒಳಗೊಳಗೇ ಒಂದು ಖಾಕಿಯನ್ನು ಕಾಯುತ್ತಿದ್ದರು. ಲಾರಿಯವರ ಹತ್ತಿರ ಅಷ್ಟು ಜೋರಾಗಿ ಮಾತಾಡುತ್ತಿದ್ದ ಹಿಂದಿಯಲ್ಲೇ ಆ ಹೆದರಿಕೆಯೂ ಇತ್ತು. ಅವರನ್ನು ಕಂಡು ನನಗೆ ಅಯ್ಯೋ ಎನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

“ಇಷ್ಟೆಲ್ಲ ಆಪ್ದಕ್ಕಿಂತ ಮುಂಚೆ ನಂಗ್ ಒಂದ್ ಮಾತ್ ಕೇಣುಕಾಗ್ದಾ ಚಿಕ್ಕಪ್ಪ? ಊರಿಗೆಲ್ಲ ಹೇಳುವವಳ್ ನಾನ್. ಕೋಟದಂಗೇ ಇದ್ದೆ. ನಂಗ್ ಕೇಂಡ್ರೆ ಎಂತ ಆತಿತ್ತ್?”

ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. ಬೈರಾಸನ್ನು ತೊಡೆಯ ಮೇಲಿಟ್ಟುಕೊಂಡು ಮಡಚುತ್ತಿದ್ದರು. ಸಿಟ್ಟಿನಿಂದ ಹೇಳಲಿಲ್ಲ, ಎಳನೀರಿನ ರೇಟು ಹೇಳುವ ಹಾಗೆ ಹೇಳಿದರು.

“ಮೊದ್ಲ್‌ನೇ ಫೋನ್ ಬಂದದ್ದ್ ಆದಿತ್ಯವಾರ, ಮಗಾ. ಕೇಸ್ ಇತ್ತ್, ಸಾಹೇಬ್ರ್ ಆಮೇಲ್ ಮಾಡ್ತ್ರ್ ಅಂದೇಳಿ ಇಟ್ಟ್ರ್. ಸೋಮವಾರ ನಿನ್ನ್ ಹತ್ರ ಕೇಂಡೆ ಅಲ್ದಾ, ಸಭೆಯಂಗ್ ಎದ್ದ್ ನಿಂತ್ಕಂಡ್.”

ಯಾರಿಗೂ ಹೇಳಬಾರದು ಎಂದು ಆ ಖಾಕಿಯವನು ಅವರಿಗೆ ಹೇಳಿದ್ದು ಬುಧವಾರ. ಅದಕ್ಕೂ ಎರಡು ದಿನ ಮೊದಲೇ, ಅವರದೇ ಊರಿನ ನೂರು ಜನರ ಎದುರಿಗೆ, ಮೈಕ್ ಹಿಡಿದುಕೊಂಡು, ಇಡ್ಲಿಯ ಗೇಲಿಯಲ್ಲಿ ನಾನು ಅವರಿಗೆ ಅದನ್ನೇ ಹೇಳಿ ಮುಗಿಸಿದ್ದೆ.